ಹದಿನಾರೆನ್ನುವ ಕಾರು, ಬಾಟಲಿ ನಂಬುವ ಬದ್ರಾಕ

ಮಸೀದಿಯ ಬೆಳಗಿನ ಬಾಂಗ್ ಮುಗಿದು ಸ್ವಲ್ಪ ಹೊತ್ತಾಗಿದೆ. ನರಿಕೊಂಬಿನ ರಸ್ತೆ ಬದಿಯಲ್ಲಿ ಬದ್ರುದ್ದೀನ್ ಜೀಪೊಂದರ ಬಾನೆಟ್ಟಿನ ಪಕ್ಕ ಬಾಟಲಿ ಕಟ್ಟುತ್ತಿದ್ದಾರೆ. ಅದರಲ್ಲಿ ಒಂದು ಲೀಟರ್ ಡೀಸೆಲ್. ಬಾಟಲಿಯಿಂದ ಎಂಜಿನ್ನಿಗೆ ಒಂದು ಪೈಪು, ಎಂಜಿನ್ ಬೇಡವೆಂದು ಬಿಟ್ಟದ್ದು ಬಾಟಲಿಗೇ ಮರಳಲು ಇನ್ನೊಂದು. ಟ್ಯಾಂಕಿನ ಸಂಬಂಧ ಕಡಿದಾಗಿದೆ. ಇನ್ನು ಬಾಟಲಿ ಬರಿದಾಗುವವರೆಗೆ ಓಡಿಸುವುದು. ಎಂಜಿನ್ ಎಲ್ಲಿ ಕೆಮ್ಮಿ ನಿಲ್ಲುತ್ತದೋ ಅಲ್ಲಿಗೆ ಲೀಟರಿನ ಮೈಲೇಜು ಲೆಕ್ಕ.

ಜೀಪಿನ ಮಾಲೀಕ ಕುಶಾಲಪ್ಪ ಆಕಳಿಸುತ್ತಾರೆ. "ಎಂಜಿನ್ ಕೂರಿಸಿ ಆಯ್ತು, ಓಡ್ತದೆ. ಮತ್ತೆ ಎಂತಕ್ಕೆ ಇಷ್ಟು ರಗಳೆ ಬದ್ರಾಕ?"

"ಓಡ್ತದಲ್ಲ, ಸಾಕು ಅಂತ ಒಮ್ಮೆ ಬಿಟ್ಟಿದ್ದೇನೆ ಮಾರಾಯ. ಇನ್ನು ಬಿಡುವುದಿಲ್ಲ."

ಊರವರ ಬಾಯಲ್ಲಿ ಬದ್ರಾಕ ಆಗಿರುವ ಬದ್ರುದ್ದೀನರ ಕಸುಬು ಎಂಜಿನ್ ಬದಲಿಸುವುದು. ತೊಂಬತ್ತರ ದಶಕದಲ್ಲಿ ಪೆಟ್ರೋಲ್ ಅಂಬಾಸಿಡರ್‌ಗಳಿಗೆ ಡೀಸೆಲ್ ಎಂಜಿನ್ ಕೂರಿಸುವ ಹುಚ್ಚು ಎಲ್ಲರಿಗೂ ಹಿಡಿದಾಗ ಕೈ ಪಳಗಿತು. ಬೆಳ್ತಂಗಡಿಯ ಸರ್ವಿಸ್ ಜೀಪು, ಮೂಡುಬಿದಿರೆಯ ಟ್ಯಾಕ್ಸಿ, ಬಂಟ್ವಾಳದ ಮೀನಿನ ಟೆಂಪೊ, ಯಾವುದರ ಹೊಟ್ಟೆ ಬಿಚ್ಚಿದರೂ ಇವರ ಸ್ಪ್ಯಾನರಿನ ಗುರುತು ಸಿಕ್ಕೀತು. ಮನುಷ್ಯರ ಹೃದಯ ಬದಲಿಸುವವರ ಹೆಸರು ಪೇಪರಿನಲ್ಲಿ ಬರುತ್ತದೆ. ಬದ್ರಾಕರ ಶೆಡ್ಡಿಗೆ ಬೋರ್ಡು ಸಹ ಇಲ್ಲ. ಎಡಗೈಯ ತೋರುಬೆರಳಿನ ತುದಿಯನ್ನು ಯಾವುದೋ ಫ್ಯಾನ್ ಬೆಲ್ಟ್ ತಿಂದಿದೆ, ಸೊಂಟ ಬಗ್ಗಿದರೆ ಏಳುವುದಿಲ್ಲ. "ಇವರ ಅಂಗಿಯ ಮಸಿಗೆ ಸೋಪೇ ಸೋತಿದೆ" ಎಂದು ಹೆಂಡತಿ ಬೀಯಮ್ಮ ನಗುತ್ತಾರೆ.

ಅಷ್ಟೂ ವರ್ಷ ಬಾಟಲಿ ಕಟ್ಟದೆ ಇವರು ಒಂದು ಗಾಡಿಯನ್ನೂ ಹೊರಗೆ ಬಿಟ್ಟವರಲ್ಲ. ಬಿಟ್ಟದ್ದು ಒಂದೇ ಒಂದು, ಫಯಾಝ್ ಅವರ ಕಾರು.

ಫಯಾಝ್ ಇರುವುದು ಸೌದಿಯ ದಮಾಮಿನಲ್ಲಿ. ಅಲ್ಲಿಯ ದುಡಿಮೆಯಲ್ಲಿ ಕೊಂಡ ಜಪಾನಿನ ಕಾರು ಬಂಟ್ವಾಳದ ಮನೆಯಲ್ಲಿ ತಾಯಿ ಮೈಮೂನಮ್ಮನ ಓಡಾಟಕ್ಕೆ. ಓಡಿಸುವವರು ಬೆಳ್ತಂಗಡಿ ಬಳಿಯ ಲಾಯಿಲದ ಕಮಲಾಕ್ಷ, ಆ ಮನೆಯ ಹಳೇ ಡ್ರೈವರ್. ಒಂದು ಮಳೆಗಾಲ ನೇತ್ರಾವತಿ ಪೇಟೆಗೆ ಹತ್ತಿದಾಗ ಕಾರಿನ ಎಂಜಿನ್ನೂ ನೀರು ಕುಡಿಯಿತು. ಮುಂಬಯಿಯಿಂದ ಬಂದ ಹಳೆಯ ಎಂಜಿನ್ನನ್ನು ಬದ್ರಾಕ ಕೂರಿಸಿದರು. ಅದೇ ಕಂಪೆನಿಯದ್ದು, ಆದರೆ ಒಂದು ಅಳತೆ ದೊಡ್ಡದು.

ಆ ಕಾರು ತನ್ನ ಮೈಲೇಜನ್ನು ತಾನೇ ಹೇಳುತ್ತಿತ್ತು. ಸ್ಟೇರಿಂಗ್ ಹಿಂದೆ ಹಸಿರು ಅಂಕಿ, ಲೀಟರಿಗೆ ಹದಿನಾರು. ಬದ್ರಾಕರಿಗೆ ಖುಷಿಯೋ ಖುಷಿ. "ಹದಿನಾರು ಕೊಡ್ತದೆ ಫಯಾಝ್, ಕಾರೇ ಹೇಳ್ತದೆ ನೋಡಿ" ಎಂದು ಫೋನಿನಲ್ಲಿ ಹೇಳಿದರು. ಪರೀಕ್ಷೆ ಮಾಡಲಿಲ್ಲ.

ಮರು ವರ್ಷ ರಜೆಗೆ ಬಂದ ಫಯಾಝ್ ಪೆಟ್ರೋಲಿನ ಖರ್ಚನ್ನೂ ಹಸಿರು ಅಂಕಿಯನ್ನೂ ಹೋಲಿಸಿದರು. ತಾಳೆಯಾಗಲಿಲ್ಲ. ಟ್ಯಾಂಕಿನಿಂದ ಪೆಟ್ರೋಲ್ ಎಲ್ಲಿಗೆ ಹೋಗುತ್ತದೆ ಎಂದು ಕಮಲಾಕ್ಷರನ್ನು ಕೇಳಿದರು. ಕಮಲಾಕ್ಷ ಕೀಲಿಯನ್ನು ಜಗಲಿಯ ಮೇಲಿಟ್ಟು ಬಸ್ಸು ಹತ್ತಿದರು. ಮಾತಾಡದವನೇ ಕಳ್ಳ ಎಂದು ಊರು ತೀರ್ಪು ಕೊಟ್ಟಿತು. ಲಾಯಿಲದಲ್ಲಿ ಬೇರೆ ಯಾರೂ ಅವರ ಕೈಗೆ ಗಾಡಿ ಕೊಡಲಿಲ್ಲ.

ಬದ್ರಾಕರಿಗೆ ವಿಷಯ ಸಿಕ್ಕಿದ್ದು ಬೆಳ್ತಂಗಡಿಯ ಒಂದು ಹೋಟೆಲಿನಲ್ಲಿ. ಚಹಾ ಅರ್ಧಕ್ಕೇ ಬಿಟ್ಟು ಎದ್ದರು. "ಅವನ ಮೇಲೆ ಸಾಕ್ಷಿ ಹೇಳಿದ್ದು ಯಾರು? ಆ ಅಂಕಿ. ಅಂಕಿಗೆ ಸಾಕ್ಷಿ ಯಾರು? ನಾನು" ಎನ್ನುವಾಗ ಅವರ ಸ್ವರ ಈಗಲೂ ಇಳಿಯುತ್ತದೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರೆ. ನೋಡುವುದೇ ಕಸುಬಾದವರು ಅಂದು ನೋಡಿರಲಿಲ್ಲ.

ಮರುದಿನ ಬೆಳಕು ಹರಿಯುವಾಗ ಬದ್ರಾಕ ಫಯಾಝರ ಗೇಟಿನ ಮುಂದೆ ನಿಂತಿದ್ದರು. ಆ ಕಾರಿನ ಪಂಪು ಟ್ಯಾಂಕಿನೊಳಗೇ ಇರುವುದರಿಂದ ಬಾಟಲಿ ನಡೆಯುವುದಿಲ್ಲ. ಟ್ಯಾಂಕನ್ನು ಕುತ್ತಿಗೆಯವರೆಗೆ ತುಂಬಿಸಿ, ಒಂದು ಸುತ್ತು ಓಡಿಸಿ, ಅದೇ ಬಂಕಿನಲ್ಲಿ, ಅದೇ ಜಾಗದಲ್ಲಿ ನಿಲ್ಲಿಸಿ ಮತ್ತೆ ಕುತ್ತಿಗೆಯವರೆಗೆ ತುಂಬಿಸಬೇಕು. ಎರಡನೇ ಸಲ ಹಿಡಿದಷ್ಟೇ ಕಾರು ಕುಡಿದದ್ದು.

"ನೀವೇ ಓಡಿಸಿ" ಎಂದರು ಫಯಾಝರಿಗೆ. "ಡ್ರೈವರ್ ಬೇಡ, ನಾನೂ ಮುಟ್ಟುವುದಿಲ್ಲ." ಮೈಮೂನಮ್ಮ ತಾವೂ ಬರುತ್ತೇನೆಂದು ಹಿಂದೆ ಹತ್ತಿ ಕೂತರು. ಬಂಟ್ವಾಳದಿಂದ ಬೆಳ್ತಂಗಡಿ, ವೇಣೂರು ದಾಟಿ ಮೂಡುಬಿದಿರೆ, ಸಿದ್ದಕಟ್ಟೆಯಾಗಿ ವಾಪಸು, ಹೆಚ್ಚುಕಡಿಮೆ ನೂರು ಕಿಲೋಮೀಟರ್. ದಾರಿಯುದ್ದಕ್ಕೂ ಅಂಕಿ ಹದಿನಾರು ಬಿಟ್ಟು ಕದಲಲಿಲ್ಲ. ಅದರ ಪ್ರಕಾರ ಬಂಕಿನಲ್ಲಿ ಆರು ಲೀಟರ್ ಚಿಲ್ಲರೆ ಹಿಡಿಯಬೇಕಿತ್ತು. ಹಿಡಿದದ್ದು ಒಂಬತ್ತು.

ಫಯಾಝ್ ಹಸಿರು ಅಂಕಿಯನ್ನೂ ಬಂಕಿನ ಮೀಟರನ್ನೂ ಮತ್ತೊಮ್ಮೆ ನೋಡಿದರು. ಹಿಂದಿನ ಸೀಟಿನಿಂದ ಮೈಮೂನಮ್ಮ ಕೇಳಿದರು: "ಇವತ್ತು ಕದ್ದದ್ದು ಯಾರು ಮಗನೇ? ನಾನಾ?"

ಕಾರಣ ಕೇಳಿದರೆ ಬದ್ರಾಕ ಊಟ ಬಡಿಸುವ ಮಾತಿನಲ್ಲೇ ಹೇಳುತ್ತಾರೆ. "ಎಂಜಿನ್ನಿಗೆ ಎಷ್ಟು ಸೌಟು ಪೆಟ್ರೋಲ್ ಬಡಿಸಿದೆ ಅಂತ ಮಾತ್ರ ಆ ಕಂಪ್ಯೂಟರ್ ಲೆಕ್ಕ ಇಡ್ತದೆ. ಅದು ಹಳೇ ಎಂಜಿನ್ನಿನದ್ದು, ಅದಕ್ಕೆ ಗೊತ್ತಿರುವುದು ಸಣ್ಣ ಸೌಟು. ಹೊಸ ಎಂಜಿನ್ನಿನ ಸೌಟು ದೊಡ್ಡದು. ಅದು ಸುಳ್ಳು ಹೇಳಲಿಲ್ಲ ಪಾಪ. ಸೌಟು ಬದಲಾದದ್ದನ್ನು ಅದಕ್ಕೆ ಯಾರೂ ಹೇಳಲಿಲ್ಲ."

ಆ ಮಧ್ಯಾಹ್ನವೇ ಮೂವರೂ ಲಾಯಿಲಕ್ಕೆ ಹೋದರು. ಫಯಾಝ್ ತಪ್ಪಾಯಿತೆಂದು ಕೀಲಿ ಚಾಚಿದರು. ಕಮಲಾಕ್ಷ ಮೈಮೂನಮ್ಮನ ಮುಖ ನೋಡಿ ತೆಗೆದುಕೊಂಡರು. ಅಂಕಿಯ ಮೇಲೆ ಅಂಟಿಸಲು ಬದ್ರಾಕ ಕಿಸೆಯಿಂದ ಕಪ್ಪು ಟೇಪು ತೆಗೆದಾಗ ಮಾತ್ರ ತಡೆದರು. "ಬೇಡ ಬದ್ರಾಕ. ಕಾಣ್ತಾ ಇರಲಿ."

ಅದಾಗಿ ಎರಡು ವರ್ಷ. ಕಮಲಾಕ್ಷ ಅದೇ ಕಾರು ಓಡಿಸುತ್ತಾರೆ. ಎಣ್ಣೆ ಬದಲಿಸಲು ಶೆಡ್ಡಿಗೆ ಬಂದರೆ ಮಳೆಯ ಸುದ್ದಿ ಮಾತಾಡುತ್ತಾರೆ, ಚಹಾ ಕುಡಿಯುತ್ತಾರೆ, ಹೋಗುತ್ತಾರೆ. ಅಂಕಿ ಹದಿನಾರು ಎನ್ನುತ್ತಲೇ ಇದೆ. ಮಂಗಳೂರಿನಲ್ಲಿ ಅದನ್ನು ಸರಿಮಾಡಿಸುತ್ತೇನೆಂದು ಫಯಾಝ್ ಹೇಳಿದರೂ ಕಮಲಾಕ್ಷ ಒಪ್ಪಿಲ್ಲ.

ಕುಶಾಲಪ್ಪನವರ ಜೀಪು ಅಲ್ಲಿಪಾದೆ ದಾಟಿ ಕೆಮ್ಮಿ ನಿಲ್ಲುತ್ತದೆ. ಬದ್ರಾಕ ಇಳಿದು ಖಾಲಿ ಬಾಟಲಿ ಬಿಚ್ಚುತ್ತಾರೆ. ಅವರ ಪರಿಕರದ ಚೀಲದಲ್ಲಿ ಸ್ಪ್ಯಾನರುಗಳ ನಡುವೆ ಆ ಟೇಪು ಈಗಲೂ ಇದೆ, ಬೇರೆ ಕೆಲಸಕ್ಕೆ ತೆಗೆಯುವುದಿಲ್ಲ. ಇನ್ನೇನಾಗಬೇಕು ನಿಮಗೆ ಎಂದು ಕೇಳಿದರೆ ಶೆಡ್ಡಿಗೆ ಬೋರ್ಡು ಕೇಳುವುದಿಲ್ಲ, ಹಣ ಕೇಳುವುದಿಲ್ಲ.

"ಒಂದು ದಿನ ಕಮಲಾಕ್ಷನೇ ಬಂದು, ಆ ಟೇಪು ಹಾಕು ಬದ್ರಾಕ ಅಂತ ಹೇಳ್ಬೇಕು" ಎನ್ನುತ್ತಾರೆ. "ಅವನಿಗೆ ನನ್ನ ಮೇಲೆ ಸಿಟ್ಟಿಲ್ಲ ಅಂತ ಆಗ ಗೊತ್ತಾಗ್ತದೆ. ಅಷ್ಟೇ."