ಗಂಟೆಯಕ್ಕ ಒಬ್ಬಳೇ ಓದಿದ ಏಳನೇ ತರಗತಿ

ನನ್ನ ಮೈದುನನ ಹೆಂಡತಿಯನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವಳು ಗಂಟೆಯಕ್ಕ. ಶಾಲೆಯ ಜಗಲಿಯಲ್ಲಿ ನೇತುಹಾಕಿದ ರೈಲು ಕಂಬಿಯ ತುಂಡಿಗೆ ಹತ್ತೊಂಬತ್ತು ವರ್ಷ ಕಬ್ಬಿಣದ ಸರಳಿನಿಂದ ಬಾರಿಸಿದವಳು. ಆ ಸದ್ದಿನ ಮೇಲೆ ಮೂರು ಬೀದಿಯ ಅಡುಗೆಮನೆಗಳು ನಡೆಯುತ್ತಿದ್ದವು. ಅವಳಿಗೆ ನೆಗಡಿಯಾಗಿ ಐದು ನಿಮಿಷ ತಡವಾದರೆ ಬೀದಿಗೆ ಬೀದಿಯೇ ತಡ. ಮೈದುನನಿಗೆ ಮೊಣಕಾಲು ಕೈಕೊಟ್ಟ ಮೇಲೆ ನಮ್ಮ ಮನೆ ನಿಂತಿರುವುದೂ ಆ ಸರಳಿನ ಆಧಾರದಲ್ಲೇ.

ಹೋದ ವರ್ಷ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂತು. ಗೋಡೆಯಷ್ಟು ಅಗಲದ ಗಾಜಿನ ಹಲಗೆ. ಅದೇ ಪಾಠ ಹೇಳುತ್ತದೆ, ಅದೇ ಪ್ರಶ್ನೆ ಕೇಳುತ್ತದೆ, ಮುಟ್ಟಿದರೆ ಉತ್ತರ ತೆಗೆದುಕೊಳ್ಳುತ್ತದೆ. ಅದರ ಜೊತೆಗೆ ತನ್ನಷ್ಟಕ್ಕೆ ತಾನೇ ಬಾರಿಸಿಕೊಳ್ಳುವ ಗಂಟೆಯೊಂದು ಪುಕ್ಕಟೆ. ಆ ಪುಕ್ಕಟೆ ಗಂಟೆಯೇ ನಮ್ಮ ಮನೆಗೆ ದುಬಾರಿಯಾಯಿತು.

ಹಲಗೆ ಕೂರಿಸಲು ಬಂದ ಕಂಪನಿಯವನು ಒಂದು ಮಧ್ಯಾಹ್ನ ಶಿಕ್ಷಕರನ್ನೆಲ್ಲ ಕೂರಿಸಿಕೊಂಡು ತರಬೇತಿ ಕೊಟ್ಟ. ಕಣ್ಣು ಮುಚ್ಚಿಸಿದ. "ಇನ್ಮೇಲೆ ನೀವು ಪಾಠ ಮಾಡೋರಲ್ಲ, ಕಲಿಕೆಗೆ ದಾರಿ ಬಿಡೋರು" ಅಂದ. ಲೆಕ್ಕದ ಮೇಷ್ಟ್ರು ಕಣ್ಣು ಮುಚ್ಚಿದವರು ಹಾಗೇ ಗೊರಕೆ ಹೊಡೆದು ಅವನಿಗೆ ದಾರಿ ಬಿಟ್ಟರು. ಹೊರಡುವಾಗ ಅವನು ಹಲಗೆಯ ಹಿಂದಿನ ನೀಲಿ ತಂತಿ ತೋರಿಸಿ, "ಇದು ಕಿತ್ಕೊಂಡ್ರೆ ಪಾಠ ನಡೀತಾನೇ ಇರುತ್ತೆ, ಆದ್ರೆ ಅಷ್ಟು ಹೊತ್ತಿನ ವರದಿ ಆಫೀಸಿಗೆ ಹೋಗಲ್ಲ. ಹುಷಾರು" ಅಂದ. ಶಿಕ್ಷಕರೆಲ್ಲ ಚಹಾ ಬಂತೆಂದು ಎದ್ದು ಹೋಗಿದ್ದರು. ಕೇಳಿಸಿಕೊಂಡವಳು ಅವನ ಪಾಲಿನ ಲೋಟ ತಂದಿಟ್ಟ ಗಂಟೆಯಕ್ಕ ಒಬ್ಬಳೇ.

ಮಾರನೆಯ ದಿನವೇ ಹೆಡ್‌ಮಾಸ್ಟರು ಹಲಗೆಯ ಕೋಣೆಗೆ ಬೀಗ ಹಾಕಿಸಿದರು. ಮಕ್ಕಳ ಕೈ ಜಿಡ್ಡು, ಸೀಮೆಸುಣ್ಣದ ಧೂಳು, ಗೀರು ಬಿದ್ದರೆ ಯಾರು ಹೊಣೆ? ಹಲಗೆಗೆ ಹೂವಿನ ಚಿತ್ರದ ಮುಸುಕು ಹೊದಿಸಿದರು. ಮದುವೆಯಾಗಿ ಬಂದ ದಿನ ನನಗೂ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ಮಕ್ಕಳು ಉದ್ಘಾಟನೆಯ ದಿನ ಸಾಲಾಗಿ ಬಂದು, ಬಾಗಿಲಿನಿಂದಲೇ ಇಣುಕಿ, ಸಾಲಾಗಿ ಹೋದರು. ಅಷ್ಟೇ.

ಆಮೇಲೆ ಗಂಟೆಯಕ್ಕನನ್ನು ಕರೆಸಿದರು.

"ನೋಡಮ್ಮ, ಗಂಟೆ ಈಗ ತಾನೇ ಹೊಡ್ಕೊಳ್ಳುತ್ತೆ. ಈ ವರ್ಷ ಹೇಗೋ ದೂಡೋಣ. ಮುಂದಿನ ವರ್ಷ ನಿನ್ನ ಕೆಲಸ ಇರುತ್ತೆ ಅಂತ ನಾನು ಹೇಳಕ್ಕಾಗಲ್ಲ."

"ಅಲ್ಲೀವರೆಗೆ ಏನ್ ಮಾಡ್ಲಿ ಸಾರ್?"

"ಬೋರ್ಡು ದಿನಕ್ಕೆ ನಾಲ್ಕು ಗಂಟೆ ಓಡಿದೆ ಅಂತ ಆಫೀಸಿಗೆ ಲೆಕ್ಕ ಹೋಗ್ಬೇಕು. ನೀನು ಒಳಗೆ ಕೂತು ಏಳನೇ ತರಗತಿ ಪಾಠ ಹಾಕು. ಪಾಠ ಮುಗಿದ್ಮೇಲೆ ಅದು ಪ್ರಶ್ನೆ ಕೇಳುತ್ತೆ. ಸುಮ್ನಿದ್ರೆ ನಿದ್ದೆಗೆ ಹೋಗ್ಬಿಡುತ್ತೆ, ಲೆಕ್ಕ ನಿಲ್ಲುತ್ತೆ. ಯಾವುದನ್ನಾದ್ರೂ ಒತ್ತು."

ಹೀಗೆ ಮೂವತ್ತೆಂಟು ಮಕ್ಕಳು ಪಕ್ಕದ ಕೋಣೆಯಲ್ಲಿ, ಒಡಕು ಕರಿಹಲಗೆಯ ಮುಂದೆ, ತೂಕಡಿಸುವ ಮೇಷ್ಟ್ರ ಹತ್ತಿರ ಓದಿದರು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು ಮುಸುಕು ತೆಗೆದು ಏಳನೇ ತರಗತಿಗೆ ಕೂತಳು.

ಯಾವುದನ್ನಾದರೂ ಒತ್ತುವ ಜಾಯಮಾನ ಅವಳದಲ್ಲ. ತಪ್ಪು ಒತ್ತಿದರೆ ಹಲಗೆ "ಟೊಂಯ್" ಅನ್ನುತ್ತಿತ್ತಂತೆ. "ಅಕ್ಕಾ, ನಮ್ಮತ್ತೆ ನಾಲಿಗೆ ಲೊಚಗುಟ್ಟಿದ ಹಾಗೇ ಇರುತ್ತೆ" ಅನ್ನುವಳು. ಅತ್ತೆ ಹೋಗಿ ಎಂಟು ವರ್ಷವಾಗಿತ್ತು. ಇನ್ನೊಮ್ಮೆ ಆ ಸದ್ದು ಕೇಳಲು ಅವಳಿಗೆ ಮನಸ್ಸಿಲ್ಲ. ಅದೇ ಪಾಠ ತಿರುಗಿ ಹಾಕುವಳು, ಕೇಳುವಳು, ಮತ್ತೆ ಒತ್ತುವಳು. ಸರಿಯಾದರೆ ಹಲಗೆಯ ತುಂಬ ನಕ್ಷತ್ರ, ಚಪ್ಪಾಳೆ. ಹತ್ತೊಂಬತ್ತು ವರ್ಷದಲ್ಲಿ ಆ ಶಾಲೆಯಲ್ಲಿ ಅವಳಿಗೆ ಯಾರೂ ಚಪ್ಪಾಳೆ ಹೊಡೆದಿರಲಿಲ್ಲ.

ಅದರ ಪೆಟ್ಟು ತಿಂದವರು ಮನೆಯಲ್ಲಿ ನಾವು. ಒಂದು ಸಂಜೆ ಕಲ್ಲಂಗಡಿ ಹೆಚ್ಚಲು ಕೂತವಳು ಚಾಕು ಎತ್ತಿದವಳು ಎತ್ತಿದಂತೆಯೇ, "ನಿಮಗೆ ಎಂಟರಲ್ಲಿ ಮೂರು ಭಾಗ ಸಾಕಾ, ಅರ್ಧ ಬೇಕಾ? ಅರ್ಧ ಅಂದ್ರೆ ಎಂಟರಲ್ಲಿ ನಾಲ್ಕು" ಎಂದು ಗಂಡನನ್ನು ಕೇಳಿದಳು.

"ತಿನ್ನೋಕೆ ಕೊಡ್ತೀಯೋ, ಪರೀಕ್ಷೆ ಮಾಡ್ತೀಯೋ?" ಅಂದ ಮೈದುನ.

"ಉತ್ತರ ಹೇಳಿ, ಕೊಡ್ತೀನಿ."

"ಟೊಂಯ್!" ಅಂದುಬಿಟ್ಟ ಅವನು. ಅವತ್ತು ಅವನಿಗೆ ಎಂಟರಲ್ಲಿ ಒಂದೇ ಭಾಗ ಸಿಕ್ಕಿತು.

ವರ್ಷ ಮುಗಿಯುತ್ತಾ ಬಂತು. ಕೆಲಸ ಹೋದರೆ ಏನು ಗತಿಯೆಂದು ನಾವಿಬ್ಬರೂ ಒಲೆಯ ಮುಂದೆ ಕೂತು ತರಕಾರಿ ಹೆಚ್ಚುತ್ತಾ ದಿನಾ ಮಾತಾಡುತ್ತಿದ್ದೆವು. ಅವಳು ಒಂದೆರಡು ಮನೆಗಳಲ್ಲಿ ಪಾತ್ರೆ ತೊಳೆಯುವ ಕೆಲಸ ಕೇಳಿಯೂ ಬಂದಿದ್ದಳು. ಅಷ್ಟರಲ್ಲಿ ಒಂದು ದಿನ ಶಾಲೆಗೆ ತೋರಣ ಕಟ್ಟಿದರು. ಸುತ್ತಮುತ್ತಲ ನೂರಾ ಹದಿನಾರು ಶಾಲೆಗಳಲ್ಲಿ ನಮ್ಮ ಶಾಲೆಯ ಏಳನೇ ತರಗತಿಯೇ ಮೊದಲಂತೆ! ನೂರಕ್ಕೆ ತೊಂಬತ್ತೆಂಟು. ದೊಡ್ಡ ಅಧಿಕಾರಿಣಿಯೇ ಫಲಕ ಕೊಡಲು ಬರುತ್ತಾರಂತೆ.

ಹೆಡ್‌ಮಾಸ್ಟರಿಗೆ ಬಿಸಿತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಅಧಿಕಾರಿಣಿ ಬಂದರು, ಹಾರ ಹಾಕಿಸಿಕೊಂಡರು. ಭಾಷಣ ಮಾಡಿ ಹೊರಟುಬಿಡುತ್ತಾರೆಂದು ಎಲ್ಲರೂ ಕಾಯುತ್ತಿದ್ದರೆ, ಅವರು ಏಳನೇ ತರಗತಿಗೇ ನುಗ್ಗಿ, "ಅರ್ಧದಲ್ಲಿ ಮೂರನೇ ಒಂದು ಭಾಗ ಅಂದ್ರೆ ಎಷ್ಟು, ಹೇಳಿ ನೋಡೋಣ" ಅಂದರು. ಮೂವತ್ತೆಂಟು ತಲೆಗಳು ಒಟ್ಟಿಗೆ ಕೆಳಗೆ ಬಗ್ಗಿದವು. ಮೇಷ್ಟ್ರ ತಲೆಯೂ ಸೇರಿ ಮೂವತ್ತೊಂಬತ್ತು.

"ಹೆದರ್ಕೋಬೇಡಿ. ಬೋರ್ಡಲ್ಲಿ ಚೆನ್ನಾಗಿ ಮಾಡಿದ್ದೀರಲ್ಲ?"

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ಆ ರೂಮಿಗೆ ನಾವು ಹೋಗಂಗಿಲ್ಲ. ಗಂಟೆಯಕ್ಕ ಹೋಗ್ತಾರೆ" ಅಂದಳು.

ಗಂಟೆಯಕ್ಕ ಬಾಗಿಲಲ್ಲಿ ನೀರಿನ ತಟ್ಟೆ ಹಿಡಿದು ನಿಂತಿದ್ದಳು. ಎಲ್ಲರೂ ತಿರುಗಿ ನೋಡಿದರು.

"ಏನಮ್ಮ, ನಿಂಗೆ ಗೊತ್ತಾ?"

"ಆರನೇ ಒಂದು ಭಾಗ, ಮೇಡಂ."

"ವರ್ಷವಿಡೀ ಉತ್ತರ ಒತ್ತಿದ್ದು ನೀನೇನಾ?"

"ಹೂಂ ಮೇಡಂ. ಎರಡು ಮಾತ್ರ ತಪ್ಪೋಗಿದೆ, ನೂರಕ್ಕೆ. ಆ ಭೂಮಿ ಓರೆಯಾಗಿ ಸುತ್ತೋ ಪಾಠ ಇನ್ನೂ ಸರಿಯಾಗಿ ಹತ್ತಿಲ್ಲ" ಅಂದುಬಿಟ್ಟಳು ಪುಣ್ಯಾತ್ಗಿತ್ತಿ. ಕೆಲಸ ಹೋಗುವ ಹೊತ್ತಿನಲ್ಲೂ ಅವಳಿಗೆ ಭೂಮಿಯದೇ ಚಿಂತೆ.

ಅಧಿಕಾರಿಣಿ ನೇರವಾಗಿ ಹೆಡ್‌ಮಾಸ್ಟರ ಕೋಣೆಗೆ ಹೋಗಿ ಬಾಗಿಲು ಮುಚ್ಚಿಸಿದರು. ಚಹಾ ಕೊಡಲು ಹೋದವಳು ಗಂಟೆಯಕ್ಕನೇ ಆದ್ದರಿಂದ ಒಳಗಿನ ಮಾತು ನನಗೂ ತಿಳಿಯಿತು.

"ಏನ್ರೀ ಇದು? ತೊಂಬತ್ತೆಂಟು ಅಂತ ನಾನು ಮೇಲಕ್ಕೆ ಬರೆದಾಯ್ತು. ಅವರು ಅವರ ಮೇಲಿನವರಿಗೆ ಬರೆದಾಯ್ತು. ಈಗ ನಿಮ್ಮ ಆಯಾ ಓದಿದ್ದು ಅಂತ ಬರೀಲಾ?"

"ತಪ್ಪಾಯ್ತು ಮೇಡಂ. ಮುಂದಿನ ತಿಂಗಳು ಹೇಗೂ ಆಕೆ ಕೆಲಸಕ್ಕಿರಲ್ಲ, ಬಿಡಿಸಿಬಿಡ್ತೀನಿ."

"ಬಿಡಿಸ್ತೀರಾ? ಬುದ್ಧಿ ಇದೆಯೇನ್ರೀ? ಬಿಡಿಸಿದ್ರೆ ಬರೋ ವರ್ಷ ತೊಂಬತ್ತೆಂಟು ಎಲ್ಲಿಂದ ತರ್ತೀರಿ? ನೀವು ಒತ್ತುತೀರಾ?"

ಚಹಾ ಕುಡಿದು ಮುಗಿಸುವಷ್ಟರಲ್ಲಿ ಆದೇಶವೂ ಆಯಿತು. ಗಂಟೆಯಕ್ಕ ಈಗ ಸ್ಮಾರ್ಟ್ ತರಗತಿ ಸಹಾಯಕಿ. ಕೆಲಸ ಎಲ್ಲಿಯವರೆಗೆ? ತೊಂಬತ್ತೆಂಟು ಇಳಿಯದಿರುವವರೆಗೆ. ಫಲಕವನ್ನು ಅದೇ ಕೋಣೆಯಲ್ಲಿ ತೂಗುಹಾಕಿ, ಅದಕ್ಕೂ ಸೇರಿಸಿ ಬೀಗ ಹಾಕಿದರು.

ಅವಳು ಮನೆಗೆ ಬಂದು ಸುದ್ದಿ ಹೇಳಿದಾಗ ಮೈದುನ ಮೊಣಕಾಲು ಮರೆತು ಎದ್ದು ನಿಂತ. ಅವಳ ಮುಖ ಮಾತ್ರ ಅರಳಲಿಲ್ಲ.

"ಅಕ್ಕಾ, ಆ ಹುಡುಗಿ ನನ್ನ ನೋಡಿದ್ದು ನೋಡ್ಬೇಕಿತ್ತು. ಅವಳ ತಟ್ಟೇಲಿದ್ದಿದ್ದು ನಾನು ತಿಂದ ಹಾಗೆ."

"ಹಾಗಾದ್ರೆ ಮಕ್ಕಳನ್ನ ಒಳಗೆ ಬಿಡು" ಅಂದೆ.

"ಬಿಟ್ರೆ ತಪ್ಪು ಒತ್ತುತಾವೆ. ಅಂಕ ಇಳಿದ್ರೆ ನನ್ನ ಕೆಲಸ ಹೋಯ್ತು."

ಆ ರಾತ್ರಿ ಊಟಕ್ಕೆ ಕೂತವಳು ತುತ್ತು ಕೈಯಲ್ಲಿ ಹಿಡಿದುಕೊಂಡೇ, "ನೀಲಿ ತಂತಿ!" ಅಂದಳು. ಮೈದುನ ನನ್ನ ಮುಖ ನೋಡಿದ. ಇವಳಿಗೆ ಓದು ತಲೆಗೇರಿತು ಅಂತ.

ಮಾರನೆಯ ದಿನ ಅವಳು ಹೆಡ್‌ಮಾಸ್ಟರ ಮುಂದೆ ನಿಂತು ಕೋಣೆಯ ಕೀಲಿ ತನ್ನ ಹತ್ತಿರವೇ ಇರಬೇಕೆಂದಳು. "ತೊಂಬತ್ತೆಂಟು ನನ್ನ ಜವಾಬ್ದಾರಿ ಸಾರ್. ಉಳಿದಿದ್ದು ಕೇಳ್ಬೇಡಿ. ಬೇಕಾದ್ರೆ ಮೇಡಂನ್ನೇ ಕೇಳಿ, ನಿಮ್ಮಿಬ್ಬರಲ್ಲಿ ಯಾರು ಒತ್ತುತೀರಿ ಅಂತ." ಹೆಡ್‌ಮಾಸ್ಟರು ಕೀಲಿ ಕೊಟ್ಟರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ "ತಗೊಳ್ಳಿ" ಅಂದರಂತೆ, "ತಗೋ" ಅನ್ನಲಿಲ್ಲ.

ಈಗ ಅವಳು ಬೆಳಿಗ್ಗೆ ಆರಕ್ಕೇ ಹೋಗುತ್ತಾಳೆ. ಹತ್ತರವರೆಗೆ ಒಬ್ಬಳೇ ಕೂತು ಆಫೀಸಿನ ತೊಂಬತ್ತೆಂಟನ್ನು ಆಫೀಸಿಗೆ ಮುಟ್ಟಿಸುತ್ತಾಳೆ. ಬೆಳಿಗ್ಗೆ ಆರಕ್ಕೆ ಯಾವ ಮಕ್ಕಳು ಶಾಲೆಗೆ ಬರುತ್ತಾರೆಂದು ಇಲ್ಲಿಯವರೆಗೆ ಯಾರೂ ಕೇಳಿಲ್ಲ. ಮುಂಜಾನೆಯ ವಿಶೇಷ ತರಗತಿಯೆಂದು ಹೊಗಳಿ ಒಂದು ಪತ್ರ ಬಂದಿದೆ, ಅಷ್ಟೆ. ಹತ್ತಾದೊಡನೆ ನೀಲಿ ತಂತಿ ಕಿತ್ತು, ಬಾಗಿಲು ತೆರೆಯುತ್ತಾಳೆ. ಮಕ್ಕಳು ಜಿಡ್ಡು ಕೈಯಲ್ಲೇ ಬಂದು ಮುಗಿಬೀಳುತ್ತಾರೆ. ಟೊಂಯ್, ಟೊಂಯ್, ಟೊಂಯ್. ಬೀದಿಯ ತುದಿಯಲ್ಲಿರುವ ನನಗೂ ಕೇಳಿಸುತ್ತದೆ. ಲೆಕ್ಕದ ಮೇಷ್ಟ್ರು ಕೊನೆಯ ಬೆಂಚಿನಲ್ಲಿ ಕೂತು ಎಚ್ಚರವಾಗಿರುತ್ತಾರಂತೆ. ಪಾಠ ಅವರಿಗೂ ಹೊಸದು.

ಮಕ್ಕಳ ನಿಜವಾದ ಅಂಕಗಳನ್ನು ಅವಳು ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಡುತ್ತಾಳೆ, ಬಾಗಿಲು ತೆರೆದಿರುವಷ್ಟು ಹೊತ್ತು ಯಾರಿಗೂ ಕಾಣದ ಜಾಗ. ಮೊದಲ ವಾರ ನೂರಕ್ಕೆ ಮೂವತ್ತೊಂದು. ನಿನ್ನೆ ಬಂದವಳೇ ಚೀಲ ಕೂಡ ಕೆಳಗಿಡದೆ, "ಅಕ್ಕಾ, ನಲವತ್ತೇಳು!" ಅಂದಳು. ತೊಂಬತ್ತೆಂಟು ಬಂದ ದಿನವೂ ಅವಳ ದನಿ ಅಷ್ಟು ಎತ್ತರಕ್ಕೆ ಹೋಗಿರಲಿಲ್ಲ.