ಗೌಜಲಕ್ಕಿಗಳಿಗೆ ಉಣಿಸುತ್ತಿದ್ದ ಹಾಲಮ್ಮ

ಮೊನ್ನೆ ದಾವಣಗೆರೆಯಲ್ಲಿ ಕೋಳಿ ಆಹಾರದ ಅಂಗಡಿಯೊಂದರ ಮುಂದೆ ಹಾದುಹೋಗುವಾಗ ಮೆಕ್ಕೆಜೋಳದ ನುಚ್ಚಿನ ವಾಸನೆ ಮೂಗಿಗೆ ಬಡಿಯಿತು. ನಿಮಗದು ಬರೀ ಧೂಳಿನ ವಾಸನೆ ಅನ್ನಿಸೀತು. ನನಗೆ ಹಾಲಮ್ಮನವರ ನೆನಪಾಯಿತು.

ಹರಿಹರದ ಹತ್ತಿರದ ಒಂದು ಪ್ರಯೋಗಾಲಯದಲ್ಲಿ ನನಗೆ ಮೊದಲ ಕೆಲಸ. ಹೊಸ ಕೀಟನಾಶಕಗಳು ಹೊಲಕ್ಕಿಳಿಯುವ ಮುನ್ನ, ಅವು ಹಕ್ಕಿಗಳಿಗೆ ಎಷ್ಟು ವಿಷ ಎಂದು ನೋಡುವುದು. ಗೌಜಲಕ್ಕಿಗಳಿಗೆ ಐದು ದಿನ ಔಷಧಿ ಬೆರೆಸಿದ ನುಚ್ಚು, ಆಮೇಲೆ ಮೂರು ದಿನ ಶುದ್ಧ ನುಚ್ಚು. ತೊಟ್ಟಿಗೆ ಹಾಕಿದ್ದರಲ್ಲಿ ಉಳಿದದ್ದನ್ನು ಕಳೆದು ‘ತಿಂದದ್ದು’ ಎಂದು ಬರೆಯುವುದಷ್ಟೇ ನನ್ನ ಪಾಂಡಿತ್ಯ. ಸಂಜೆ ಬಸ್ಸಿನಲ್ಲಿ ಪಕ್ಕ ಕೂತವರು ಮೆಲ್ಲಗೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ಗೂಡು ಗುಡಿಸಿ ನೀರು, ನುಚ್ಚು ಇಡುತ್ತಿದ್ದವರು ದಾವಣಗೆರೆಯ ಆನೆಕೊಂಡದ ಹಾಲಮ್ಮ. ಹಕ್ಕಿಗಳನ್ನು ‘ಯವ್ವಾ’ ಎಂದು ಮಾತಾಡಿಸುತ್ತಿದ್ದರು. ನನ್ನನ್ನು ಮಾತ್ರ ‘ಮೇಡಂ’.

ಆ ಸಲ ಬಂದದ್ದು ಬಿತ್ತನೆ ಬೀಜಕ್ಕೆ ಹಚ್ಚುವ ಔಷಧಿ. ಅತಿ ಹೆಚ್ಚು ಬೆರೆಸಿದ ಗೂಡಿನಲ್ಲೂ ಒಂದು ಹಕ್ಕಿ ಸಾಯಲಿಲ್ಲ. ಖುಷಿಯಿಂದ ವರದಿ ಬರೆಯಲು ಕೂತಿದ್ದೆ, ಹಾಲಮ್ಮ ಮೊರ ಹಿಡಿದು ಬಂದರು. ಐದು ದಿನ ಗುಡಿಸಿದ್ದನ್ನು ಹಿಕ್ಕೆ, ಪುಕ್ಕ ಬೇರೆ ಮಾಡಿ ಕೇರಿ ತಂದಿದ್ದರು.

“ಮೇಡಂ, ಇವು ಉಂಡಿಲ್ಲ. ಬಾಯಿಗಿಟ್ಟು ಉಗುಳಿ, ಕಾಲಾಗ ಕೆದರಿ ಚೆಲ್ಯಾವೆ.”

“ಸ್ವಲ್ಪ ಚೆಲ್ಲೇ ಚೆಲ್ತಾವೆ ಬಿಡ್ರಿ.”

“ಸ್ವಲ್ಪ ಅಲ್ಲ. ತೂಗಿ ನೋಡ್ರಿ.”

ತೂಗಿದೆ. ನಾನು ತಿಂದದ್ದೆಂದು ಬರೆದಿದ್ದರ ಮುಕ್ಕಾಲು ಪಾಲು ಮೊರದಲ್ಲೇ ಇತ್ತು. ಔಷಧಿಯ ರುಚಿ ಸೇರದ ಇಲ್ಲಿಯ ಹಕ್ಕಿಗೆ ಐದು ದಿನ ಹಸಿವು ತಡೆದರೆ ಒಳ್ಳೆಯ ನುಚ್ಚು ಸಿಗುತ್ತದೆ. ಹೊಲದ ಹಸಿದ ಹಕ್ಕಿ ಬೀಜ ಬಿಟ್ಟು ಏನು ತಿಂದೀತು?

ಕೆಲಸ ಹೋಯಿತೆಂದುಕೊಂಡೇ ಪ್ರಯೋಗಾಲಯದ ಸಾಹೇಬರಿಗೆ ತಪ್ಪು ಒಪ್ಪಿಸಿದೆ. ಅವರು ಕನ್ನಡಕ ತೆಗೆದು, “ಇದನ್ನ ಯಾರು ಕಂಡುಹಿಡಿದದ್ದು?” ಎಂದರು. ‘ನಾನೇ’ ಎನ್ನುವ ಮಾತು ತುಟಿಯವರೆಗೂ ಬಂದಿತ್ತು, ನಿಮ್ಮ ಹತ್ತಿರ ಮುಚ್ಚಿಡುವುದೇನು. ಹೇಗೋ ನುಂಗಿಕೊಂಡು ಹಾಲಮ್ಮನ ಹೆಸರು ಹೇಳಿದೆ.

ಅವರು ಬೈಯಲಿಲ್ಲ, ಹೊಸ ಹಕ್ಕಿಗಳನ್ನು ತರಿಸಿ ಮೊದಲಿಂದ ಮಾಡಿಸಿದರು. ಈ ಸಲ ರುಚಿ ಕೆಡದಷ್ಟು ಕಡಿಮೆ ಔಷಧಿ ಬೆರೆಸಿದ ಗೂಡುಗಳನ್ನೂ ಇಟ್ಟೆವು. ಅಲ್ಲಿಯ ಹಕ್ಕಿಗಳು ಉಂಡವು. ಸತ್ತವು. ಔಷಧಿ ಅಪಾಯಕಾರಿ ಎಂದು ವರದಿ ಹೋಯಿತು.

ಸತ್ತವನ್ನು ಒಂದೊಂದಾಗಿ ಎತ್ತಿಡುತ್ತ ಹಾಲಮ್ಮ ಕೇಳಿದರು: “ನಾನು ಬಾಯಿ ಬಿಡದಿದ್ರೆ ಇವು ಬದುಕ್ತಿದ್ವು, ಅಲ್ರೀ?”

ಹೊಲದ ಹಕ್ಕಿಗಳು ಉಳಿದವಲ್ಲ ಎಂದೇನೋ ತೊದಲಿದೆ.

“ಗೊತ್ತೈತೆ ಬಿಡ್ರಿ. ಆದ್ರೂ ಕೇಳ್ದೆ.”

ಆ ಪ್ರಶ್ನೆಗೆ ಹೆದರಿಯೇ ಇರಬೇಕು, ಅವರು ಕೆಲಸ ಬಿಟ್ಟ ಮೇಲೆ ಒಮ್ಮೆಯೂ ನೋಡಲು ಹೋಗಿರಲಿಲ್ಲ. ಮೊನ್ನೆ ಆಟೊ ಹತ್ತಿ ನೇರ ಆನೆಕೊಂಡಕ್ಕೆ ಹೋದೆ. ಅವರ ಕೂದಲೆಲ್ಲ ಬೆಳ್ಳಗಾಗಿತ್ತು; ಬಾಗಿಲಲ್ಲೇ ನನ್ನ ಗುರುತು ಹಿಡಿದರು.

“ಹಾಲಮ್ಮ, ಆವತ್ತು ನೀವು ಕೇಳಿದ್ದು ಸರಿ. ಬದುಕ್ತಿದ್ವು,” ಎಂದೆ.

ಸೆರಗಿಗೆ ಕೈ ಒರೆಸಿಕೊಂಡು ಮಣೆ ಹಾಕಿದರು.

“ಊಟ ಆಗೈತೇನ್ರಿ?”

“ಆಗಿದೆ.”

“ಉಂಡಿಲ್ಲ ಅಂತ ಮುಖ ನೋಡಿದ್ರೆ ಗೊತ್ತಾಗಲ್ವ? ಕೂಡ್ರಿ,” ಎಂದು ರೊಟ್ಟಿ, ಎಣ್ಣೆಗಾಯಿ ತಂದಿಟ್ಟು, ನಾನು ಉಂಡು ಮುಗಿಸುವವರೆಗೂ ಎದುರಿಗೇ ಕೂತರು.