ಐವತ್ತೇಳರ ಲೆಕ್ಕ ಅರೇಹಳ್ಳಿಯಲ್ಲಿ ಕೈಕೊಟ್ಟಿದ್ದು

ಅರಸೀಕೆರೆಯ ಕೊಬ್ಬರಿ ಗೋದಾಮುಗಳಿಗೆ ತಗಡಿನ ಮಾಡು ಕಟ್ಟಿಯೇ ಮೇಲೆ ಬಂದವನು ನಾನು. ಗೋಡೆಯ ಮಟ್ಟದಿಂದ ನೆತ್ತಿಯ ಎತ್ತರವನ್ನು ಇಳಿಜಾರಿನ ಕೋನದ ಸೈನ್‌ನಿಂದ ಭಾಗಿಸಿದರೆ, ನೆತ್ತಿಯಿಂದ ಗೋಡೆಗೆ ಇಳಿದು ತಗಡು ಹೊರುವ ಇಳಿಪೈಪಿನ ಉದ್ದ ಸಿಗುತ್ತದೆ. ಆ ಸೈನ್‌ಗೆ ನನ್ನದೊಂದು ಸುಲಭ ದಾರಿಯಿತ್ತು: ಕೋನವನ್ನು ಐವತ್ತೇಳರಿಂದ ಭಾಗಿಸುವುದು. ನಮ್ಮ ಕಡೆಯ ಮಳೆಗೆ ಹದಿನೈದು ಡಿಗ್ರಿ ಇಳಿಜಾರು ಸಾಕು. ಲೆಕ್ಕ ಎಂದೂ ಕೈಕೊಟ್ಟಿರಲಿಲ್ಲ.

ಮಲೆನಾಡಿನ ಅರೇಹಳ್ಳಿಯ ನಿವೃತ್ತ ಗಣಿತದ ಮೇಡಂ ತಮ್ಮ ಕಾಫಿ ಶೆಡ್ಡಿಗೆ ನಲವತ್ತೈದು ಡಿಗ್ರಿ ಕೇಳಿದರು. ನೆತ್ತಿ ಹತ್ತಡಿ. ಮೂಟೆಗಳು ಆಗಲೇ ಒಳಗಿದ್ದವು. ಮಳೆ ಹಿಡಿಯುವ ಮೊದಲು ಮಾಡು ಮುಗಿಯಬೇಕಿತ್ತು. ನನ್ನ ಲೆಕ್ಕಕ್ಕೆ ಸೈನ್ 0.789 ಬಂತು. ಫೋನಿನಲ್ಲಿ ನೋಡಿದರೆ 0.85. ಫೋನಿಗೆ ತಲೆ ಕೆಟ್ಟಿದೆ ಎಂದುಕೊಂಡು ಇಪ್ಪತ್ತನಾಲ್ಕು ಪೈಪುಗಳನ್ನೂ ಹನ್ನೆರಡಡಿ ಎಂಟಿಂಚಿಗೆ ಕತ್ತರಿಸಿ ಲಾರಿಗೆ ಏರಿಸಿದೆ.

ಮೊದಲ ಪೈಪು ಮೇಲೇರಿತು. ಗೋಡೆಗೆ ಹತ್ತಿರಹತ್ತಿರ ಒಂದು ಮೊಳ ಸಾಲದು!

"ಅಣ್ಣೋ, ಗೋಡೆ ಹಿಂದಕ್ಕೆ ಹೋಗೈತಾ?" ಎಂದ ನನ್ನ ವೆಲ್ಡರ್.

ನಾನು ಟೇಪು ಹಿಡಿದು ಇನ್ನೊಮ್ಮೆ ಅಳೆದೆ; ಪೈಪೇ ಗಿಡ್ಡ. ಆದರೂ ಬಾಯಿ ಸುಮ್ಮನಿರಲಿಲ್ಲ. "ಮೇಡಂ, ನೆತ್ತಿ ಎರಡಡಿ ಇಳಿಸಿಬಿಡಾಣ. ಇದೇ ಪೈಪು ಸಾಕಾಯ್ತದೆ, ನೋಡಕ್ಕೂ ಚೆಂದ."

"ನಿಮ್ಮ ಅರಸೀಕೆರೆ ಮಳೆ ಇಲ್ಲಿ ಬರಲ್ಲ ಕಣ್ರೀ. ಸೈನ್ ಹೆಂಗೆ ತೆಗೆದ್ರಿ?"

ಹೇಳಿದೆ. ಅವರು ನಕ್ಕುಬಿಟ್ಟರು. "ಅದು ಸಣ್ಣ ಕೋನಕ್ಕೆ ಮಾತ್ರ. ಕೋನ ಬೆಳೆದಂಗೆ ಸೈನ್ ಹಿಂದೆ ಬೀಳ್ತದೆ. ನಿಮಗೆ ಬಂದಿದ್ರ ಘನ ತೆಗೀರಿ, ಆರರಿಂದ ಭಾಗಿಸಿ, ಅದನ್ನ ಬಂದಿದ್ರಲ್ಲೇ ಕಳೀರಿ."

ಸಿಮೆಂಟ್ ಚೀಲದ ಮೇಲೆ ಬರೆದು ಕಳೆದೆ: 0.707. ನನ್ನ ಫೋನು ಕೋನವನ್ನು ರೇಡಿಯನ್ ಎಂಬ ಬೇರೆ ಅಳತೆಯಲ್ಲಿ ಓದುತ್ತಿತ್ತು; ಅವರು ಅದರ ಬದಲು ಡಿಗ್ರಿ ಒತ್ತಿದರು. ಅದೂ 0.707 ಎಂದಿತು. ಒಂದೇ ಒಂದು ಕಳೆಯುವ ಲೆಕ್ಕ! ಅಷ್ಟಕ್ಕೆ ಇಪ್ಪತ್ತನಾಲ್ಕು ಪೈಪು ಗಿಡ್ಡ. ಹಾಗೇ ಹದಿನೈದು ಡಿಗ್ರಿಗೂ ಕಳೆದು ನೋಡಿ ಇನ್ನೊಮ್ಮೆ ದಂಗಾದೆ. ಅರಸೀಕೆರೆಯ ನನ್ನ ಮೂರಡಿ ನೆತ್ತಿಯ ಮಾಡುಗಳಲ್ಲೆಲ್ಲ ಪೈಪು ಎರಡೆರಡು ಇಂಚು ಕಮ್ಮಿ. ಚಾಚಿದ ತಗಡು ಅದನ್ನು ಮುಚ್ಚಿತ್ತು, ಅಷ್ಟೇ. ನೀವೂ ಸುಲಭ ಲೆಕ್ಕ ಹಿಡಿದಿದ್ದರೆ, ಅದು ಎಷ್ಟು ಡಿಗ್ರಿಯವರೆಗೆ ನಿಲ್ಲುತ್ತದೆ ಎಂದು ಇವತ್ತೇ ನೋಡಿಕೊಳ್ಳಿ.

ಬೇಲೂರಿನಿಂದ ಹೊಸ ಪೈಪು ತರಿಸಿದೆ. ಹದಿನಾಲ್ಕಡಿ ಎರಡಿಂಚಿಗೆ ಒಂದನ್ನೇ ಕತ್ತರಿಸಿ ಏರಿಸಿದೆವು. ಗೋಡೆಯ ಮೇಲೆ ಹೋಗಿ ಕೂತಿತು. ಮೇಡಂ ಕೆಳಗಿನಿಂದಲೇ ಕೂಗಿದರು: "ಇನ್ನು ಇಪ್ಪತ್ತಮೂರು ಕತ್ತರಿಸ್ರೀ, ಮೋಡ ಕಾಯಲ್ಲ!"